ತಂಗಿ ಮಗಳ ಎಡಗಿವಿ

ತಂಗಿಯ ಮಗಳಿಗೆ ಕಿವಿ ಚುಚ್ಚಿಸಿದ್ದು ನನ್ನ ತೊಡೆಯ ಮೇಲೆ. ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆಯೇ ಕೂರಿಸಬೇಕು. ಬೇರೆಯವರು ಕೂರಿಸಿಕೊಂಡರೆ ಅದನ್ನು ಶಾಸ್ತ್ರ ಅಂತ ಯಾರೂ ಒಪ್ಪುವುದಿಲ್ಲ. ಕಾರ್ತಿಕದ ಒಂದು ಸೋಮವಾರ, ಶಿರಾ ತಾಲ್ಲೂಕಿನ ತಾವರೆಕೆರೆ ಹತ್ತಿರದ ನಮ್ಮೂರಿನಲ್ಲಿ, ಮನೆದೇವರ ಗುಡಿಯ ಮುಂದೆ ಮೊದಲು ಜವಳ ತೆಗೆಸಿದೆವು. ಬೋಳು ತಲೆಗೆ ಗಂಧ ಹಚ್ಚಿ ಮಗುವನ್ನು ನನ್ನ ಕೈಗೆ ಕೊಟ್ಟರು. ಅವಳಿಗೆ ಆಗತಾನೆ ಮೂರು ವರ್ಷ ತುಂಬಿತ್ತು. ಕಿವಿ ಚುಚ್ಚುವ ಆಚಾರ್ರು, ಎರಡೂ ಕೈ ಬಿಗಿಯಾಗಿ ಹಿಡಿದು ತಲೆ ಎದೆಗೆ ಒತ್ತಿಕೊಳ್ಳಿ ಅಂದರು. ಒತ್ತಿಕೊಂಡೆ. ಬಲಗಿವಿ ಸಲೀಸಾಗಿ ಆಯಿತು. ಎಡಗಿವಿಗೆ ಬರುವಷ್ಟರಲ್ಲಿ ಅವಳಿಗೆ ವಿಷಯ ಗೊತ್ತಾಗಿತ್ತು. ಒದ್ದಾಡಿದಳು. ತಂತಿ ಒಂದು ಎಳ್ಳಿನಷ್ಟು ಕೆಳಗೆ ಇಳಿಯಿತು.

"ಎಡಗಡೇದು ಓರೆ ಆಗೋಯ್ತಲ್ರಯ್ಯ," ಅಂದಳು ನಮ್ಮವ್ವ.

"ಮದ್ವೆ ಹೊತ್ಗೆ ಯಾರ್ಗೂ ಕಾಣಕ್ಕಿಲ್ಲ ಬುಡವ್ವ," ಅಂದರು ಆಚಾರ್ರು. ಕಿವಿಗೆ ಎರಡು ಸಣ್ಣ ಮುರದ ಓಲೆ ಹಾಕಿ, ಎದ್ದು ಕೈ ತೊಳೆದುಕೊಂಡರು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆಮೇಲಿನ ಎರಡು ತಿಂಗಳು ನಮ್ಮ ಮನೆಯವರೆಲ್ಲ ಆ ಓರೆಯಾದ ಎಡಗಿವಿಯ ಹಾಲೆಯನ್ನೇ ನೋಡಿಕೊಂಡು ಕೂತಿದ್ದೆವು. ನೋಡಿ ಅಂತ ಹೇಳಿದವನು ನಾನು.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನೇ. ಬಿ.ಎಸ್ಸಿ. ಮುಗಿಸಲು ನನಗೆ ಐದು ವರ್ಷ ಹಿಡಿಯಿತು. ನಡುವೆ ಎರಡು ವರ್ಷ ಓದು ಬಿಟ್ಟು ಮಧುಗಿರಿಯ ಕಡಲೆಕಾಯಿ ಮಿಲ್ಲಿನಲ್ಲಿ ಮೂಟೆ ಹೊತ್ತೆ, ಮತ್ತೆ ಹೋಗಿ ಅದೇ ಬೆಂಚಿನಲ್ಲಿ ನನಗಿಂತ ಚಿಕ್ಕವರ ಜೊತೆ ಕೂತೆ. ಈಗ ಮಧುಗಿರಿಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ದೊಡ್ಡ ಕೆಲಸವಲ್ಲ. ಆದರೂ ಪದವಿಯ ಬಗ್ಗೆ ನನಗೆ ಹೆಮ್ಮೆ ಇದೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಊರಿಗೆ ಹೋದರೆ ಜನ ಮಾತ್ರೆಯ ಹಾಳೆ, ಔಷಧದ ಸೀಸೆ, ರಕ್ತ ಪರೀಕ್ಷೆಯ ಚೀಟಿ ತಂದು ನನ್ನ ಮುಂದೆ ಇಡುತ್ತಾರೆ. ಓದಿ ಹೇಳುತ್ತೇನೆ. ಗೊತ್ತಿರುವುದನ್ನೂ ಹೇಳುತ್ತೇನೆ, ಅಷ್ಟಾಗಿ ಗೊತ್ತಿಲ್ಲದ್ದನ್ನೂ ಹೇಳುತ್ತೇನೆ. ಗೊತ್ತಿಲ್ಲ ಅಂದರೆ, ಇಷ್ಟೆಲ್ಲ ಓದಿ ಏನ್ ಬಂತು ಅನ್ನುತ್ತಾರೆ ಎಂಬ ಭಯ ನನಗೆ ಮೊದಲಿನಿಂದಲೂ ಇದೆ.

ತಂಗಿಯನ್ನು ಕೊಟ್ಟಿರುವುದು ಪಾವಗಡದಿಂದ ಆಚೆ, ಆಂಧ್ರದ ಅಂಚಿನ ಹಳ್ಳಿಗೆ. ಅವರ ಮನೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಕಿವಿ ಚುಚ್ಚಿಸಿ ಮೂರು ವಾರ ಕಳೆದಿರಬಹುದು, ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಟಾಗ ತಂಗಿಯ ಫೋನು ಬಂತು.

"ಅಣ್ಣ, ಪಾಪಂಗೆ ಎರಡ್ ದಿನದಿಂದ ಜ್ವರ. ಎಡಗಿವಿ ಮುಟ್ಟಕ್ಕೇ ಬುಡ್ತಿಲ್ಲ. ಹಿಡ್ಕಂಡು ಹಿಡ್ಕಂಡು ಎಳೀತಾಳೆ."

"ನೆಗಡಿ ಐತಾ?"

"ನೆಗಡಿ ಹೋದ್ ವಾರದಿಂದ್ಲೂ ಐತೆ, ಸಿಂಬ್ಳ ಸುರೀತಾನೇ ಐತೆ. ಅದ್ಕಲ್ಲ ಕಣಣ್ಣ, ಕಿವಿ ನೋಡು. ಫೋಟೋ ಕಳ್ಸೀನಿ."

ಫೋಟೋ ಬಂತು. ಬೆರಳಿಟ್ಟು ದೊಡ್ಡದು ಮಾಡಿ ನೋಡಿದೆ. ಕಿವಿಯ ಹಾಲೆ ಕೆಂಪಗೆ, ಸ್ವಲ್ಪ ಊದಿಕೊಂಡಿತ್ತು. ಮುರದ ಸುತ್ತ ಅರಿಶಿನ ಮೆತ್ತಿತ್ತು. ಫೋಟೋದಲ್ಲಿ ಹಾಲೆ ಬಿಟ್ಟು ಬೇರೇನೂ ಇರಲಿಲ್ಲ, ತಂಗಿ ಅಷ್ಟನ್ನೇ ತೆಗೆದಿದ್ದಳು.

"ಚುಚ್ಚಿದ್ದು ಕೀವಾಗೈತೆ," ಅಂದೆ. "ಅರಿಶಿನ ಯಾರು ಹಚ್ಚಿದ್ದು?"

"ನಮ್ಮತ್ತೆ."

"ಹಚ್ಬ್ಯಾಡಿ ಅನ್ನು. ಮುಲಾಮು ಕಳಿಸ್ತೀನಿ."

ನೆಗಡಿ ಇದೆಯಾ ಅಂತ ಕೇಳಿದವನು ನಾನೇ. ಇದೆ ಅಂತ ಅವಳು ಹೇಳಿದ್ದೂ ಕೇಳಿಸಿತು. ಅದನ್ನು ಅಲ್ಲಿಗೇ ಬಿಟ್ಟೆ. ಅವಳು ಇನ್ನೂ ಹೇಳಿದಳು: ಮಗು ರೊಟ್ಟಿ ಅಗಿಯುತ್ತಿಲ್ಲ, ಗಂಜಿ ಮಾತ್ರ ಕುಡಿಯುತ್ತದೆ. ಮಲಗಿಸಿದರೆ ಚೀರುತ್ತದೆ, ಹೆಗಲ ಮೇಲೆ ಎತ್ತಿಕೊಂಡರೆ ಸುಮ್ಮನಾಗುತ್ತದೆ. ನೆಗಡಿಯ ಹಿಂದೆಯೇ ಬಂದ ಜ್ವರ, ಕಿವಿ ಎಳೆದುಕೊಳ್ಳುವುದು, ಅಗಿಯಲಾರದಿರುವುದು, ಮಲಗಿಸಿದರೆ ನೋವು ಹೆಚ್ಚುವುದು. ಇಷ್ಟೂ ಒಟ್ಟಿಗಿದ್ದರೆ ಕಿವಿಯ ಒಳಗಡೆ ನೋಡಿಸಬೇಕು ಅಂತ ಈಗ ನನಗೆ ಗೊತ್ತು. ಆವತ್ತು ಕಿವಿ ಚುಚ್ಚಿದ್ದೊಂದೇ ನನ್ನ ತಲೆಯಲ್ಲಿತ್ತು. ನನ್ನ ತೊಡೆಯ ಮೇಲೆ ಚುಚ್ಚಿದ್ದು, ನಾನು ಸರಿಯಾಗಿ ಹಿಡಿಯದೆ ಓರೆಯಾದದ್ದು.

ಮೆಡಿಕಲ್ ಸ್ಟೋರಿನಲ್ಲಿ ಒಂದು ಟ್ಯೂಬು ಮುಲಾಮು ತೆಗೆದುಕೊಂಡು ಪಾವಗಡದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ನಮ್ಮ ಕಡೆ ಟಿಫನ್ ಕ್ಯಾರಿಯರ್‌ನಿಂದ ಹಿಡಿದು ಜಾತಕದವರೆಗೆ ಎಲ್ಲವೂ ಹೀಗೆಯೇ ಬಸ್ಸಿನಲ್ಲಿ ಹೋಗುತ್ತವೆ. ತಂಗಿಯ ಗಂಡ, ನಮ್ಮ ಭಾವ, ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇಸಿದುಕೊಂಡರು. ಸಂಜೆ ತಂಗಿಯ ಅತ್ತೆಯೇ ಫೋನು ಮಾಡಿದರು.

"ಏಂ ನಾಯನಾ, ಮಾ ಮನೇಲಿ ಆರು ಮಂದಿ ಮಕ್ಕಳ ಕಿವಿ ಅರಿಶಿನದಾಗೇ ಮಾಗ್ಯಾವೆ. ನಿಮ್ಮ ಟ್ಯೂಬು ಏನ್ ಬ್ಯಾರೆ ಮಾಡ್ತದೆ?"

"ಆವಾಗಿನ ಅರಿಶಿನ ಬ್ಯಾರೆ ಕಣಮ್ಮ. ಈಗ ಪುಡಿ ಒಳಗೆ ಏನೇನ್ ಬೆರೆಸಿರ್ತಾರೋ. ನನ್ ಮಾತು ಕೇಳಿ."

"ಸರೇ. ಓದಿದೋರು ನೀವು, ನಾವೇನ್ ಹೇಳಾಣ," ಅಂದರು. ಅದರಲ್ಲಿ ಚುಚ್ಚುಮಾತು ಇತ್ತೋ ಇಲ್ಲವೋ ತಿಳಿಯಲಿಲ್ಲ. ಗೆದ್ದೆ ಅಂದುಕೊಂಡೆ.

ಮಾರನೆಯ ದಿನ ಬೆಳಿಗ್ಗೆ ತಂಗಿ ನಗುತ್ತಾ ಮಾತಾಡಿದಳು. "ಜ್ವರ ಬುಡ್ತು ಅಣ್ಣ. ಎದ್ದು ಕೋಳಿ ಹಿಂದೆ ಓಡ್ತಾವ್ಳೆ. ಕಿವಿಯಿಂದ ಕೀವು ಬಂದು ದಿಂಬೆಲ್ಲ ಅಂಟಂಟಾಗಿತ್ತು. ಒರೆಸ್ಬುಟ್ಟೆ."

"ನೋಡ್ದಾ, ಮುಲಾಮು ಕೆಟ್ಟದ್ದನ್ನೆಲ್ಲ ಎಳೆದು ಹಾಕೈತೆ," ಅಂದೆ.

ಆಫೀಸಿನಲ್ಲಿ ಕೂಡ ಹೇಳಿಕೊಂಡೆ. ಪಕ್ಕದ ಮೇಜಿನವರು, "ನೀವು ಡಾಕ್ಟರಾಗ್ಬೇಕಿತ್ತು ಸಾರ್, ಇಲ್ಲಿ ಟಿ.ಸಿ. ಬರೀತಾ ಕೂತಿದ್ದೀರಿ," ಅಂದರು. ತಮಾಷೆಗೆ ಅಂದದ್ದು. ನನಗೆ ಖುಷಿಯಾಗಿತ್ತು.

ಅದರ ಹಿಂದಿನ ರಾತ್ರಿ ನಡೆದದ್ದೇನು ಅಂತ ಆಮೇಲೆ ತಿಳಿಯಿತು. ಕಿವಿಯ ತಮಟೆಯ ಹಿಂದೆ ಕೀವು ತುಂಬಿ, ಒತ್ತಡ ತಾಳದೆ ತಮಟೆ ಹರಿದು ಹೊರಗೆ ಸುರಿದಿತ್ತು. ಒತ್ತಡ ಇಳಿದ ಕೂಡಲೇ ನೋವು ನಿಂತಿತು, ಜ್ವರ ಬಿಟ್ಟಿತು, ಮಗು ಎದ್ದು ಆಡಿತು. ಆ ಕೀವು ಕಿವಿಯಿಂದ ಇಳಿದು ಹಾಲೆಯ ಮೇಲೆ, ಮುರದ ಸುತ್ತ ಒಣಗಿ ಹಕ್ಕಳೆಯಾಗಿತ್ತು. ಮುಂದಿನ ಫೋಟೋದಲ್ಲಿ ನಾನು ಆ ಹಕ್ಕಳೆ ನೋಡಿದೆ. ಇನ್ನೂ ಮಾಗಿಲ್ಲ ಅಂತ ಎರಡನೆಯ ಟ್ಯೂಬು ಬಸ್ಸಿಗೆ ಹಾಕಿದೆ.

ಹದಿನೈದು ದಿನ ಬಿಟ್ಟು ಮತ್ತೆ ಕೀವು. ಈ ಸಲ ಜ್ವರ ಇಲ್ಲ, ನೋವಿಲ್ಲ. ಮುರ ಬಿಚ್ಚಿಬಿಡಿ ಅಂದೆ. ಅದಕ್ಕೆ ಅತ್ತೆ ಸುತರಾಂ ಒಪ್ಪಲಿಲ್ಲ. ಬಿಚ್ಚಿದರೆ ಮುಚ್ಚಿಕೊಳ್ಳುತ್ತದೆ, ಮತ್ತೆ ಮನೆದೇವರ ಹತ್ತಿರ ಹೋಗಬೇಕು, ಮತ್ತೆ ಮಾವನ ತೊಡೆ ಬೇಕು. ಫೋನಿನಲ್ಲಿ ಅರ್ಧ ಗಂಟೆ ವಾದ ನಡೆದು ಕೊನೆಗೆ ಮುರ ತೆಗೆದು ಬೇವಿನ ಕಡ್ಡಿ ಏರಿಸುವುದು ಅಂತ ಇಬ್ಬರೂ ಒಪ್ಪಿದೆವು. ಇಷ್ಟು ದೊಡ್ಡ ವಾದದಲ್ಲಿ ಆಕೆಯಾಗಲಿ, ನಾನಾಗಲಿ, ತಂಗಿಯಾಗಲಿ ಹಾಲೆಗಿಂತ ಒಂದು ಬೆರಳು ಮೇಲೆ ನೋಡಲಿಲ್ಲ. ಪ್ರತಿ ಶನಿವಾರ ಮಗುವಿಗೆ ತಲೆಗೆ ನೀರು ಹಾಕುವಾಗ ಎರಡೂ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು. ಅದು ಎಲ್ಲರ ಮನೆಯಲ್ಲೂ ಬಿಡುವುದೇ, ನನಗೂ ಬಿಟ್ಟಿದ್ದರು. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಕ್ರಾಂತಿಗೆ ಎಲ್ಲರೂ ನಮ್ಮೂರಿನಲ್ಲಿ ಸೇರಿದೆವು. ಮಗುವಿನ ತಲೆಯಲ್ಲಿ ಕೂದಲು ಬಂದಿತ್ತು. ಎಡಗಿವಿಯಲ್ಲಿ ಬೇವಿನ ಕಡ್ಡಿ ಇತ್ತು. ಮಾತು ಜೋರಾಗಿತ್ತು. ಟೀವಿಯ ಸದ್ದು ಕಡಿಮೆ ಮಾಡಿದರೆ ಹೋಗಿ ತಾನೇ ಜೋರು ಮಾಡುತ್ತಿದ್ದಳು. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ತಂಗಿ ಅಂದಳು, "ಅಂಗನವಾಡಿ ಟೀಚರು ಅಂತಾರೆ, ನಿಮ್ಮ ಪಾಪ ಕರೆದ್ರೆ ಎತ್ತಕಡೆಗೋ ನೋಡ್ತಾಳೆ ಅಂತ. ಥೇಟ್ ಅವ್ರಪ್ಪನೇ."

"ಕರೆಯೋರು ನೆಟ್ಟಗೆ ಕರೆದ್ರೆ ನೆಟ್ಟಗೆ ನೋಡ್ತೀವಿ," ಅಂದರು ಭಾವ ಪಡಸಾಲೆಯಿಂದ.

"ಕೇಳುಸ್ತಲ್ಲ, ಈಗ ಹೆಂಗ್ ಕೇಳುಸ್ತು ನೋಡಣ್ಣ."

ನಕ್ಕೆವು. ನಾನೂ ನಕ್ಕೆ.

ಮಧ್ಯಾಹ್ನ ಎಳ್ಳು ಬೀರುವುದಕ್ಕೆ ಅವಳನ್ನು ಕರೆದುಕೊಂಡು ಹೊರಟೆ. ಹೊಸ ಲಂಗ, ಕೈಯಲ್ಲಿ ಎಳ್ಳುಬೆಲ್ಲದ ಪೊಟ್ಟಣಗಳ ಚೀಲ. ದಾರಿಯಲ್ಲಿ ಯಾರೋ ಸಿಕ್ಕರು, ನಾನು ಮಾತಿಗೆ ನಿಂತೆ. ಅವಳು ಹತ್ತು ಹೆಜ್ಜೆ ಮುಂದೆ ಹೋದಳು. ಎಡಗಡೆಯ ಓಣಿಯಿಂದ ಒಂದು ಟ್ರಾಕ್ಟರು ತಿರುಗಿತು. ಹಾರನ್ ಹೊಡೆದರು. ಅವಳಿಗೆ ಕೇಳಿಸಿತು, ಅದು ನನಗೆ ಚೆನ್ನಾಗಿ ನೆನಪಿದೆ. ಬೆಚ್ಚಿ ನಿಂತಳು. ನಿಂತು ಬಲಕ್ಕೆ ತಿರುಗಿ ನೋಡಿದಳು. ಬಲಗಡೆ ಒಂದು ಖಾಲಿ ಕಣ, ಹುಲ್ಲಿನ ಬಣವೆ, ಅಷ್ಟೇ. ಮತ್ತೆ ಹಾರನ್ ಹೊಡೆದರು. ಇನ್ನೂ ಬಲಕ್ಕೇ ನೋಡುತ್ತಾ, ಆ ಕಡೆಯಿಂದ ಏನೋ ಬರುತ್ತಿದೆ ಎಂಬಂತೆ, ಹಿಂದು ಹಿಂದಕ್ಕೆ ಹೆಜ್ಜೆ ಇಟ್ಟು ನೇರವಾಗಿ ಟ್ರಾಕ್ಟರಿನ ಮುಂದಕ್ಕೆ ಸರಿದಳು.

ಹೇಗೆ ಓಡಿದೆನೋ ಗೊತ್ತಿಲ್ಲ. ರೆಟ್ಟೆ ಹಿಡಿದು ಎಳೆದುಕೊಂಡೆ. ಟ್ರಾಕ್ಟರಿನವನು ಬ್ರೇಕ್ ಹಾಕಿ, "ಯಾರ್ದಲಾ ಕೂಸು, ಗಾಲಿಗೇ ಬತ್ತೈತಲ್ಲೋ," ಅಂತ ಬೈದ. ಚೀಲ ಬಿದ್ದು ಎಳ್ಳುಬೆಲ್ಲ ಮಣ್ಣುಪಾಲಾಗಿತ್ತು. ಅವಳು ಅತ್ತದ್ದು ಅದಕ್ಕೆ. ಎತ್ತಿ ಹೆಗಲಿಗೆ ಹಾಕಿಕೊಂಡೆ. ಅವಳ ಎಡಗಿವಿ ನನ್ನ ಮೂಗಿನ ಹತ್ತಿರ ಬಂತು.

ಆ ವಾಸನೆ ನನಗೆ ಗೊತ್ತಿತ್ತು. ಚಿಕ್ಕವನಾಗಿದ್ದಾಗ ಅವ್ವನ ಮಗ್ಗುಲಲ್ಲಿ ಮಲಗಿದರೆ ಇದೇ ವಾಸನೆ ಬರುತ್ತಿತ್ತು. ಅವ್ವನ ಒಂದು ಕಿವಿ ಅವಳು ಮದುವೆಯಾಗಿ ಬರುವ ಮೊದಲಿನಿಂದಲೂ ಸೋರುತ್ತಿತ್ತು. ದೀಪದ ಬತ್ತಿಗೆ ತಂದ ಹತ್ತಿಯಲ್ಲಿ ಚೂರು ಕಿತ್ತು ಕಿವಿಗೆ ತುರುಕಿಕೊಂಡಿರುತ್ತಿದ್ದಳು. ಸಂಜೆ ಅದನ್ನು ತೆಗೆದು ಒಲೆಗೆ ಹಾಕುತ್ತಿದ್ದಳು. ಊರಿನಲ್ಲಿ ಹಾಗೆ ಹತ್ತಿ ಇಟ್ಟುಕೊಂಡವರು ಇನ್ನೂ ಇದ್ದರು. ಕಿವಿ ಸೋರುವುದೆಂದರೆ ಮೂಗು ಸೋರಿದಷ್ಟೇ ಸಾಧಾರಣ ನಮಗೆ. ಅವ್ವನ ಹತ್ತಿರ ಮಾತಾಡುವವರು ಬಲಕ್ಕೆ ಹೋಗಿ ಕೂರುತ್ತಿದ್ದರು, ಅದನ್ನು ಒಂದು ರೋಗ ಅಂತ ಯಾರೂ ಅಂದುಕೊಂಡಿರಲಿಲ್ಲ.

ಮಗುವನ್ನು ಹೊತ್ತುಕೊಂಡೇ ಮನೆಗೆ ಬಂದೆ. ಕೂರಿಸಿ, ಮೊಬೈಲಿನ ಬೆಳಕು ಬಿಟ್ಟು, ಆ ಎರಡು ತಿಂಗಳಲ್ಲಿ ಮೊದಲ ಸಲ ಕಿವಿಯ ಒಳಗೆ ನೋಡಿದೆ. ಹಳದಿ ನೀರು ನಿಂತಿತ್ತು. ಹಾಲೆ ಒಣಗಿ, ಮಾಗಿ, ಚೆನ್ನಾಗಿತ್ತು.

ಮಧುಗಿರಿಗೆ ವಾರಕ್ಕೆ ಎರಡು ದಿನ ಕಿವಿ, ಮೂಗು, ಗಂಟಲಿನ ಡಾಕ್ಟರೊಬ್ಬರು ಬರುತ್ತಾರೆ. ಹಬ್ಬ ಮುಗಿದ ಮೂರನೆಯ ದಿನ ತಂಗಿಯನ್ನೂ ಮಗುವನ್ನೂ ಕರೆದುಕೊಂಡು ಹೋದೆ. ಡಾಕ್ಟರು ನಡುವಯಸ್ಸಿನ ಹೆಂಗಸು. ಮೊದಲು ಸೋರದ ಕಿವಿ ತೋರಿಸಿ ಅಂದರು, ಮಗುವಿಗೆ ಧೈರ್ಯ ಬರಲಿ ಅಂತ. ಆಮೇಲೆ ಎಡಗಿವಿ ಒರೆಸಿ, ಸಣ್ಣ ಕೊಳವೆಯಲ್ಲಿ ಕೀವು ಹೀರಿ ತೆಗೆದರು. ಆ ಸದ್ದಿಗೆ ಮಗು ಕಿರುಚಿತು. ತಂಗಿಗೆ ಹಿಡಿಯಲು ಆಗಲಿಲ್ಲ. ನಾನು ತೊಡೆಯ ಮೇಲೆ ಕೂರಿಸಿಕೊಂಡು ಎರಡೂ ಕೈ ಹಿಡಿದೆ.

"ಓಲೆ ಹಾಕೋ ಜಾಗ ಚೆನ್ನಾಗೇ ಇದೆಯಲ್ಲಮ್ಮ, ಯಾಕೆ ಕಡ್ಡಿ ಇಟ್ಟಿದ್ದೀರ?"

"ಅಲ್ಲಿಂದ ಕೀವು ಬರ್ತಿತ್ತು ಮೇಡಂ," ಅಂದಳು ತಂಗಿ.

"ಅಲ್ಲಿಂದ ಅಂತ ಯಾರು ಹೇಳಿದ್ದು?"

ನಾನು ಬಾಯಿ ತೆರೆಯಬೇಕಿತ್ತು. ತಂಗಿ ನನ್ನ ಕಡೆ ನೋಡಲೂ ಇಲ್ಲ. "ನಾವೇ ಅನ್ಕಂಡ್ವಿ ಮೇಡಂ," ಅಂದಳು.

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಾಳ. ಚಿಕ್ಕ ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಕಡಿಮೆ ಅಡ್ಡಲಾಗಿರುತ್ತದೆ. ನೆಗಡಿಯಾದಾಗ ಅದು ಕಟ್ಟಿಕೊಂಡು ತಮಟೆಯ ಹಿಂದೆ ಸೋಂಕು ಬೆಳೆಯುತ್ತದೆ. ನಾನು ಆ ಚಿತ್ರವನ್ನೇ ನೋಡುತ್ತಿದ್ದೆ. ಪಿ.ಯು.ಸಿ. ಪರೀಕ್ಷೆಯಲ್ಲಿ ಇದೇ ಚಿತ್ರ ಬರೆದು ಎಲ್ಲ ಭಾಗಗಳನ್ನೂ ಗುರುತಿಸಿ ಪೂರ್ತಿ ಅಂಕ ತೆಗೆದವನು ನಾನು. ಒಳಗಿನ ಮೂರು ಮೂಳೆಗಳ ಹೆಸರು ಈಗಲೂ ಬಾಯಿಗೆ ಬರುತ್ತಿತ್ತು. 

"ಮೊದಲನೇ ಜ್ವರದಲ್ಲೇ ಬಂದಿದ್ರೆ ಹರೀತಿರ್ಲಿಲ್ವಾ ಮೇಡಂ?" ಅಂತ ಕೇಳಿದೆ.

"ಬಂದಿದ್ರೂ ಕೆಲವು ಸಲ ಹರಿಯುತ್ತೆ. ಹರಿದ್ರೂ ಎಷ್ಟೋ ಮಕ್ಕಳಲ್ಲಿ ತಾನಾಗೇ ಕೂಡ್ಕೊಳ್ಳುತ್ತೆ. ಇವಳದ್ದು ಮೇಲಿಂದ ಮೇಲೆ ಒದ್ದೆ ಆಗಿದೆ. ಎಣ್ಣೆ ಬಿಟ್ಟಿದ್ದೀರಲ್ಲ?"

ತಂಗಿ ತಲೆಯಾಡಿಸಿದಳು.

"ಇನ್ನು ಬಿಡಬೇಡಿ. ನೀರೂ ಹೋಗಬಾರದು. ಸ್ನಾನಕ್ಕೆ ಮುಂಚೆ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗೆ ಇಡಿ, ಆಮೇಲೆ ತೆಗೆದುಬಿಡಿ. ಕಡ್ಡಿ, ಪಿನ್ನು, ಬಡ್ಸು ಏನೂ ಹಾಕಬೇಡಿ. ಈ ಹನಿ ಔಷಧ ಕಿವಿ ಒಣಗಿದಂಗೆ ಕಂಡ್ರೂ ನಿಲ್ಲಿಸಬೇಡಿ, ನಾನು ಹೇಳೋವರೆಗೂ ಹಾಕಿ. ಕಿವಿ ಹಿಂದೆ ಊತ ಬಂದ್ರೆ, ಮುಖ ಸೊಟ್ಟ ಆದ್ರೆ, ತಲೆ ಸುತ್ತಿ ಬಿದ್ರೆ, ಹೆಚ್ಚು ಜ್ವರ ಬಂದು ಮಂಕಾದ್ರೆ ಮಾತ್ರ ನನ್ನ ದಿನಕ್ಕೆ ಕಾಯಬೇಡಿ. ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ."

"ಕೂಡ್ಕೊಳ್ಳುತ್ತಾ ಮೇಡಂ?"

"ಕಾಯಬೇಕು. ಕೂಡದಿದ್ರೆ ಸ್ವಲ್ಪ ದೊಡ್ಡವಳಾದ ಮೇಲೆ ಆಪರೇಷನ್ ಇದೆ. ಎಷ್ಟು ಕೇಳಿಸ್ತಿದೆ ಅಂತ ಕಿವಿ ಒಣಗಿದ ಮೇಲೆ ಪರೀಕ್ಷೆ ಮಾಡಿಸೋಣ."

ಹೊರಗೆ ಬಂದು ಮರದಡಿ ನಿಂತೆವು. ತಂಗಿ ಮಗುವಿಗೆ ಬಿಸ್ಕತ್ತು ಕೊಡುತ್ತಿದ್ದಳು.

"ನಾನೇ ಅಂತ ಯಾಕೆ ಹೇಳ್ಲಿಲ್ಲ?" ಅಂದೆ.

"ಹೇಳಿದ್ರೆ ಏನ್ ಬತ್ತಿತ್ತಣ್ಣ? ನಿನ್ನ ಮಾತು ಕೇಳಿದ್ದು ನಾನಲ್ವಾ," ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಅವಳು ಎಲ್ಲವನ್ನೂ ಹೇಳಿದಂತೆ ಮಾಡಿದಳು. ಔಷಧದ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಮಗುವನ್ನು ಬಲಮಗ್ಗುಲಿಗೆ ಮಲಗಿಸಿ, ಹನಿ ಹಾಕಿ, ಐದು ನಿಮಿಷ ಏಳದಂತೆ ಕಥೆ ಹೇಳುತ್ತಿದ್ದಳು. ಒಂದು ಭಾನುವಾರ ನಾನು ಅಲ್ಲಿಗೆ ಹೋದಾಗ ಅತ್ತೆ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಎಣ್ಣೆಯ ಬಟ್ಟಲನ್ನು ತಾವೇ ಅಟ್ಟದ ಮೇಲೆ ಎತ್ತಿಟ್ಟಿದ್ದರಂತೆ.

"ನಾ ಚೇತುಲತೋನೇ ಹಾಕಿದ್ನೇ ನಾಯನಾ," ಅಂದರು, ತಮ್ಮ ಕೈ ನೋಡಿಕೊಳ್ಳುತ್ತಾ. "ಬೆಚ್ಚಗೆ ಮಾಡಿ, ಬೆರಳಲ್ಲಿ ಬಿಸಿ ನೋಡಿ ಹಾಕಿದೆ."

"ನಿಮ್ದೇನಿಲ್ಲಮ್ಮ. ಚುಚ್ಚಿದ್ದು ಕೀವಾಗೈತೆ ಅಂದೋನು ನಾನು."

"ಎಣ್ಣೆ ಹಾಕು ಅಂತ ನೀವಂದ್ರಾ? ಇಲ್ಲಲ್ಲ."

ತಪ್ಪನ್ನು ಅವರು ನನಗೆ ಬಿಟ್ಟುಕೊಡಲಿಲ್ಲ, ನಾನು ಅವರಿಗೆ ಬಿಟ್ಟುಕೊಡಲಿಲ್ಲ. ಹಂಚಿಕೊಂಡರೆ ಕಡಿಮೆಯಾಗುವುದೂ ಆಗಿರಲಿಲ್ಲ. ಮಗು ಅಲ್ಲೇ ಕಡಲೆಕಾಯಿ ಸಿಪ್ಪೆಯನ್ನು ಸಾಲಾಗಿ ಜೋಡಿಸುತ್ತಿತ್ತು. ಇಬ್ಬರೂ ಅವಳನ್ನು ನೋಡುತ್ತಾ ಕೂತೆವು.

ಎರಡನೆಯ ಸಲ ಡಾಕ್ಟರ ಹತ್ತಿರ ಹೋದಾಗ ಅವ್ವನನ್ನೂ ಕರೆದುಕೊಂಡು ಹೋದೆ. ಅವಳ ಕಿವಿಯನ್ನು ತುಂಬಾ ಹೊತ್ತು ನೋಡಿದರು. ತಮಟೆ ಉಳಿದಿಲ್ಲ, ಒಳಗಿನ ಮೂಳೆಯೂ ಸವೆದಿದೆ, ದೊಡ್ಡವರಾದರೂ ಸೋರುವ ಕಿವಿಯನ್ನು ಹಾಗೇ ಬಿಡುವುದು ಅಪಾಯ, ಸ್ಕ್ಯಾನ್ ಮಾಡಿಸಿ ನೋಡಬೇಕು ಅಂದರು. ಕೇಳಿಸುವ ಮಿಷನ್ನು ಹಾಕಿಕೊಂಡರೆ ಸ್ವಲ್ಪ ಅನುಕೂಲವಾಗಬಹುದು ಎಂದೂ ಹೇಳಿದರು. ಅವ್ವ ಸ್ಕ್ಯಾನಿಗೆ ಹೂಂ ಅಂದಳು, ಮಿಷನ್ನಿಗೆ ಒಪ್ಪಲಿಲ್ಲ.

"ಇಷ್ಟ್ ದಿನ ಕೇಳ್ದೇ ಇದ್ದಿದ್ದು ಈಗ ಕೇಳಿ ಏನಾಗ್ಬೇಕು? ನಿನ್ ಹೆಂಡ್ತಿ ನನ್ನ ಬೈಯೋದಾ?" ಅಂದಳು. ಡಾಕ್ಟರು ನಕ್ಕುಬಿಟ್ಟರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವಳು ಕಿಟಕಿಯ ಹತ್ತಿರ ಕೂತಿದ್ದಳು. ನಾನು ಕೂತದ್ದು ಅವಳ ಕೇಳದ ಕಿವಿಯ ಕಡೆ. ಸ್ವಲ್ಪ ದೂರ ಬಂದ ಮೇಲೆ ಕೇಳಿದಳು: "ಕೂಸಿಗೂ ನನ್ನಂಗೇ ಆಯ್ತದೇನ್ಲಾ?"

"ನಂಗೊತ್ತಿಲ್ಲ ಕಣವ್ವ," ಅಂದೆ.

"ಆ?"

ನನ್ನ ಕಡೆ ಪೂರ್ತಿ ತಿರುಗಿದಳು. ಆ ಮುಖ ನೋಡಿಕೊಂಡು ಅದೇ ಮಾತನ್ನು ಜೋರಾಗಿ ಹೇಳಲು ನನ್ನಿಂದ ಆಗಲಿಲ್ಲ. "ಇಲ್ಲ ಕಣವ್ವ, ಆಗಲ್ಲ," ಅಂತ ಕೂಗಿ ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವ್ವ ಸಮಾಧಾನವಾಗಿ ಕಿಟಕಿಯ ಕಡೆ ಮುಖ ಮಾಡಿದಳು.

ಶಿವರಾತ್ರಿಯ ಹೊತ್ತಿಗೆ ಕಿವಿ ಒಣಗಿತು. ಯುಗಾದಿಯ ಎಣ್ಣೆಸ್ನಾನದಲ್ಲಿ ಮಗುವಿನ ಮೈಗೆಲ್ಲ ಎಣ್ಣೆ ಹಚ್ಚಿ, ತಲೆಗೆ ಮಾತ್ರ ಅಂಗೈ ಸವರಿ ಬಿಟ್ಟರಂತೆ. ಕಿವಿಯ ಹತ್ತಿರ ಯಾರೂ ಹೋಗಲಿಲ್ಲ. ತಂಗಿ ದಿನಾ ಬೆಳಿಗ್ಗೆ ಫೋನು ಮಾಡಿ "ಒಣಗೈತೆ" ಅಂತ ಒಂದೇ ಮಾತು ಹೇಳಿ ಇಡುತ್ತಿದ್ದಳು. ನಲವತ್ತು ದಿನ ಹೀಗೇ ನಡೆಯಿತು. ಆಮೇಲೆ ಅಂಗನವಾಡಿಯಲ್ಲಿ ಮಕ್ಕಳಿಗೆಲ್ಲ ನೆಗಡಿ ಬಂತು, ಇವಳಿಗೂ ಬಂತು. ಎರಡೇ ದಿನ. ಮೂರನೆಯ ದಿನ ಫೋನಿನಲ್ಲಿ ತಂಗಿ "ಒಣಗೈತೆ" ಅನ್ನಲಿಲ್ಲ, "ಅಣ್ಣ" ಅಂದಳು ಅಷ್ಟೇ.

"ಸೋರ್ತೈತಾ?" ಅಂದೆ.

"ನಾನೇನೂ ತಪ್ ಮಾಡ್ಲಿಲ್ಲ ಅಣ್ಣ. ಒಂದ್ ಹನಿ ನೀರ್ ಹೋಗ್ದಂಗೆ ನೋಡ್ಕಂಡಿದ್ದೆ."

"ಗೊತ್ತು."

"ಇನ್ನೇನ್ ಮಾಡ್ಲಿ ಹೇಳು."

ತಪ್ಪು ಮಾಡಿದ್ದಾಗ ಕಿವಿ ಸೋರಿತು. ಒಂದು ತಪ್ಪೂ ಮಾಡದಿದ್ದಾಗಲೂ ಸೋರಿತು. ಮೊದಲನೆಯದಕ್ಕೆ ನನ್ನನ್ನು ನಾನು ಬೈದುಕೊಂಡಾದರೂ ಇರಬಹುದಿತ್ತು. ಎರಡನೆಯದಕ್ಕೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಮತ್ತೆ ಬಸ್ಸು, ಮತ್ತೆ ಡಾಕ್ಟರು, ಮತ್ತೆ ಹನಿ. ಇದು ಹೀಗೇ, ನೆಗಡಿ ಬಂದಾಗ ಮರುಕಳಿಸುತ್ತದೆ, ಎದೆಗುಂದಬೇಡಿ ಅಂದರು. ಜೂನ್ ತಿಂಗಳಲ್ಲಿ ಎಲ್.ಕೆ.ಜಿ.ಗೆ ಸೇರಿಸಬೇಕಿತ್ತು. ಸ್ಕೂಲಿಗೆ ಹಾಕುವ ಮೊದಲು ಎಷ್ಟು ಕೇಳಿಸುತ್ತದೆ ಅಂತ ತಿಳಿಯಬೇಕು, ಅದರ ಮೇಲೆ ಅವಳನ್ನು ಎಲ್ಲಿ ಕೂರಿಸಬೇಕು, ಮಿಷನ್ ಬೇಕೋ ಬೇಡವೋ ಅಂತ ನಿರ್ಧರಿಸೋಣ ಅಂದರು. ಕಿವಿ ಮತ್ತೆ ಒಣಗಿದ ಮೇಲೆ ಶಿರಾದಲ್ಲಿ ಪರೀಕ್ಷೆಗೆ ಹೋದೆವು.

ಸಣ್ಣ ಕೋಣೆ. ಗೋಡೆಗೆಲ್ಲ ದಪ್ಪ ಮೆತ್ತೆ. ಬಾಗಿಲು ಹಾಕಿದರೆ ಹೊರಗಿನ ರಸ್ತೆ ಇಲ್ಲವೇ ಇಲ್ಲ ಅನ್ನುವಷ್ಟು ನಿಶ್ಶಬ್ದ. ಗಾಜಿನ ಆಚೆ ಮಿಷನ್ನಿನ ಮುಂದೆ ಒಬ್ಬರು, ಒಳಗೆ ಮಗುವಿನ ಜೊತೆ ತಲೆಗೆ ಸ್ಕಾರ್ಫ್ ಕಟ್ಟಿದ ಒಬ್ಬ ಹುಡುಗಿ. ಜೊತೆಗೆ ಒಬ್ಬರು ಕೂರಬಹುದು ಅಂದರು. ತಂಗಿ, "ನೀನೇ ಹೋಗಣ್ಣ, ನನ್ ಕೈಲಾಗಲ್ಲ," ಅಂದಳು. ಮಗುವಿನ ಮುಂದೆ ಒಂದು ಖಾಲಿ ಡಬ್ಬ, ಒಂದು ರಾಶಿ ಬಣ್ಣದ ಮರದ ತುಂಡುಗಳು. ತಲೆಗೆ ದೊಡ್ಡ ಹೆಡ್‌ಫೋನು.

"ನೋಡು ಬೇಟಾ, ಒಳಗೆ ಒಂದು ಹಕ್ಕಿ ಐತೆ. ಪೀಂ ಅಂತ ಕೂಗಿದ್ ಕೂಡ್ಲೇ ಒಂದು ತುಂಡು ಡಬ್ಬದಾಗೆ ಹಾಕ್ಬೇಕು. ಕೂಗ್ದೇ ಇದ್ರೆ ಹಾಕಂಗಿಲ್ಲ. ಹಾಕ್ತೀಯಾ?" ಅಂದಳು ಆ ಹುಡುಗಿ. ನನ್ನ ಕಡೆ ತಿರುಗಿ ಮೆಲ್ಲಗೆ, "ಸಾರ್, ನೀವು ತಲೆ ಆಡಿಸಬಾರದು, ನಗಬಾರದು. ಮಕ್ಕಳು ನಮ್ಮ ಮುಖ ನೋಡಿ ಹಾಕಿಬಿಡ್ತಾರೆ," ಅಂದಳು.

ಮೊದಲು ಬಲಗಿವಿ. ಮಗು ತುಂಡು ಎತ್ತಿ ಕಿವಿಯ ಹತ್ತಿರ ಹಿಡಿದು ಕಾಯುವುದು, ತಟಕ್ಕನೆ ಡಬ್ಬಕ್ಕೆ ಹಾಕುವುದು. ಠಣ್. ಇನ್ನೊಂದು. ಠಣ್. ಹೆಡ್‌ಫೋನಿನ ಸದ್ದು ನಮಗೆ ಕೇಳುತ್ತಿರಲಿಲ್ಲ, ಅವಳ ಕೈ ಮಾತ್ರ ಹೇಳುತ್ತಿತ್ತು. ಅವಳಿಗೆ ಆಟ ಹಿಡಿಸಿತ್ತು. ಡಬ್ಬ ಅರ್ಧ ತುಂಬಿತು. "ಶಾಬಾಷ್," ಅಂದಳು ಹುಡುಗಿ.

"ಈಗ ಈ ಕಡೆ ಕಿವೀದು ಬೇಟಾ."

ಮಗು ಒಂದು ಹಳದಿ ತುಂಡು ಎತ್ತಿ ಎಡಗಿವಿಯ ಹತ್ತಿರ ಹಿಡಿಯಿತು. ಗಾಜಿನ ಆಚೆಯವರ ಬೆರಳು ಮಿಷನ್ನಿನ ಗುಂಡಿಯನ್ನು ಒತ್ತಿತು. ನನಗೆ ಕಾಣುತ್ತಿತ್ತು. ಮಗು ಕಾಯುತ್ತಿತ್ತು. ಆ ಬೆರಳು ಮತ್ತೆ ಒತ್ತಿತು, ಸದ್ದು ಹೆಚ್ಚು ಮಾಡಲು ಒಂದು ತಿರುಪನ್ನು ತಿರುಗಿಸಿ ಇನ್ನೊಮ್ಮೆ ಒತ್ತಿತು. ಹಳದಿ ತುಂಡು ಹಾಗೇ ಕಿವಿಯ ಪಕ್ಕದಲ್ಲಿ ನಿಂತಿತ್ತು. ಹಕ್ಕಿ ಎಲ್ಲಿ ಹೋಯಿತು ಅಂತ ಅವಳಿಗೆ ಅನುಮಾನ ಬಂದಿರಬೇಕು. ಮೊದಲು ಆ ಹುಡುಗಿಯ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

ಹುಬ್ಬು ಎತ್ತಿ, ಮಾಮ, ಈಗ ಹಾಕಲಾ, ಅಂತ ಕೇಳುವ ಕಣ್ಣು. ಒಂದು ಸಣ್ಣ ಹೂಂ ಅಂದರೆ ಸಾಕಿತ್ತು, ತುಂಡು ಡಬ್ಬಕ್ಕೆ ಬೀಳುತ್ತಿತ್ತು, ಅವಳು ನಗುತ್ತಿದ್ದಳು. ಬೆರಳು ಮತ್ತೆ ಒತ್ತಿದ್ದು ಗಾಜಿನಲ್ಲಿ ಕಂಡಿತು. ನಾನು ಕುತ್ತಿಗೆ ಬಿಗಿ ಹಿಡಿದು, ಕಣ್ಣನ್ನು ನೆಲಕ್ಕೆ ಹಾಕಿ ಕೂತೆ. ಮಗುವಿನ ಕೈ ಎತ್ತಿದಂತೆಯೇ ಇತ್ತು.